ಅಂಗಡಿಯ ಹಿಂದಿನ ಶಾಲೆ: ಸೆಪ್ಟಿಮಾ ಕ್ಲಾರ್ಕ್, ಬರ್ನೀಸ್ ರಾಬಿನ್‌ಸನ್ ಮತ್ತು ಜಾನ್ಸ್ ಐಲ್ಯಾಂಡ್

1957ರ ಜನವರಿ 7ರ ರಾತ್ರಿ ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಜಾನ್ಸ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಒಂದು ಶಾಲೆ ಶುರುವಾಯಿತು. ಮುಂದೆ ದಿನಸಿ ಅಂಗಡಿ, ಹಿಂದೆ ಕಿಟಕಿಯಿಲ್ಲದ ಎರಡು ಕೋಣೆ. ಬಂದವರು 14 ಮಂದಿ. ಅವರಲ್ಲಿ 11 ಜನ ಹೆಂಗಸರು, ಮೂವರು ಗಂಡಸರು. ಎಲ್ಲರೂ ದೊಡ್ಡವರು, ಎಲ್ಲರೂ ಕಪ್ಪು ಜನ. ಪಾಠಕ್ಕೆ ನಿಂತವರು ಬರ್ನೀಸ್ ರಾಬಿನ್‌ಸನ್. ಅವರು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು. ಅದಕ್ಕೆ ಮುಂಚೆ ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಅವರನ್ನು ಆ ಜಾಗಕ್ಕೆ ಆರಿಸಿದವರು ಸೆಪ್ಟಿಮಾ ಪಾಯಿನ್‌ಸೆಟ್ ಕ್ಲಾರ್ಕ್, 58 ವರ್ಷದ ಶಿಕ್ಷಕಿ. ಸರ್ಕಾರ ಅವರನ್ನು ಹಿಂದಿನ ವರ್ಷವಷ್ಟೇ ಕೆಲಸದಿಂದ ತೆಗೆದುಹಾಕಿತ್ತು.

1970ರ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂಥ ಸುಮಾರು 900 ಶಾಲೆಗಳು ನಡೆದಿದ್ದವು. ಸಿಟಿಜನ್‌ಶಿಪ್ ಸ್ಕೂಲ್ (ಪೌರತ್ವ ಶಾಲೆ) ಅಂತ ಅವುಗಳ ಹೆಸರು. ಮತದಾರರಾಗಲು ಬೇಕಾದ ಓದು ಬರಹವನ್ನು ಅಲ್ಲಿ ದೊಡ್ಡವರಿಗೆ ಕಲಿಸುತ್ತಿದ್ದರು.

ಕಪ್ಪು ಮಹಿಳೆಯರ ನಾಯಕತ್ವದ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್. ಅದು ನೆನಪಾಗಬೇಕಾದದ್ದೇ. ಆದರೆ ಒಬ್ಬ ಹೆಣ್ಣುಮಗಳು ಇನ್ನೊಬ್ಬಳನ್ನು ಆರಿಸಿ, ಕೆಲಸ ಒಪ್ಪಿಸಿ, ಆಮೇಲೆ ಆಕೆಯ ಕೈ ಹಿಡಿದು ಎಳೆಯದೆ ಬಿಟ್ಟ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನನ್ನ ಪ್ರಕಾರ ಸೆಪ್ಟಿಮಾ ಅವರ ದೊಡ್ಡತನ ಇರುವುದು ಆ ಆಯ್ಕೆಯಲ್ಲಿ. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ.

ಓದು ಬಾರದವರಿಗೆ ಮತವಿಲ್ಲ

1951–52ರಲ್ಲಿ ನಮ್ಮ ದೇಶದ ಮೊದಲ ಮಹಾಚುನಾವಣೆ ನಡೆದಾಗ ಅಕ್ಷರ ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿದರು. ಅದೇ ಹೊತ್ತಿನಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಬೇಕಿತ್ತು, ಬರೆಯಬೇಕಿತ್ತು. ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕಿತ್ತು. ಓದು ಸರಿಯಾಗಿದೆಯೋ ಇಲ್ಲವೋ ಅಂತ ಹೇಳುವವನು ನೋಂದಣಿ ಕಚೇರಿಯ ಬಿಳಿ ಅಧಿಕಾರಿ. ಅವನು ತಪ್ಪು ಅಂದರೆ ತಪ್ಪು, ಅಷ್ಟೇ.

ಜಾನ್ಸ್ ಐಲ್ಯಾಂಡ್ ಚಾರ್ಲ್ಸ್‌ಟನ್ ನಗರದ ಪಕ್ಕದಲ್ಲೇ ಇರುವ ದ್ವೀಪ. ಹತ್ತಿ ಮತ್ತು ಭತ್ತದ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಬೇಸಾಯ ಮಾಡಿಕೊಂಡಿದ್ದರು. ಬಹಳ ಕಾಲ ಸೇತುವೆ ಇರಲಿಲ್ಲ. ಹಾಗಾಗಿ ಜನ ತಮ್ಮದೇ ಆದ ಗಲ್ಲಾ ಎಂಬ ಭಾಷೆ, ಹಾಡು, ಪ್ರಾರ್ಥನೆ ಎಲ್ಲವನ್ನೂ ಉಳಿಸಿಕೊಂಡಿದ್ದರು. ಶಾಲೆ ಮಾತ್ರ ಹೆಸರಿಗಷ್ಟೇ ಇತ್ತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಅಲ್ಲಿನವರು X ಗುರುತು ಹಾಕುತ್ತಿದ್ದರು.

ದ್ವೀಪದಿಂದ ನಗರಕ್ಕೆ ಕೆಲಸಕ್ಕೆ ಹೋಗುವವರನ್ನು ಎಸಾವ್ ಜೆಂಕಿನ್ಸ್ ಎಂಬವರು ತಮ್ಮ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಆ ಬಸ್ಸಿನಲ್ಲಿ ಒಂದು ದಿನ ಆಲಿಸ್ ವೈನ್ ಎಂಬ ಹೆಣ್ಣುಮಗಳು ಅವರನ್ನು ಕೇಳಿದರು: ತನಗೆ ಓದು ಬಾರದು, ಆದರೆ ಮತ ಹಾಕುವ ಆಸೆ ಇದೆ, ಕಲಿಸುತ್ತೀರಾ? ಜೆಂಕಿನ್ಸ್ ಸಂವಿಧಾನದ ಆ ಭಾಗದ ಪ್ರತಿ ಮಾಡಿಸಿ ಬಸ್ಸಿನಲ್ಲಿ ಹಂಚಿದರು, ದಾರಿಯುದ್ದಕ್ಕೂ ಓದಿ ಹೇಳಿದರು. ಆಲಿಸ್ ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದರು. ಬಾಯಿಪಾಠದ ಬಲದ ಮೇಲೇ ಮತದಾರರೂ ಆದರು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. ನಿಜವಾಗಿ ಓದಲು ಕಲಿಯಬೇಕು ಅನ್ನುವುದು ಅವರ ಹಟ. ನನಗೆ ಈ ಪ್ರಕರಣದ ಮೊದಲ ನಾಯಕಿ ಇವರೇ ಅನ್ನಿಸುತ್ತದೆ. ಸವಾಲನ್ನು ಸರಿಯಾಗಿ ಮುಂದಿಟ್ಟವರು ಅವರು.

ದೊಡ್ಡವರಿಗೆ ಓದು ಕಲಿಸುವ ಪ್ರಯತ್ನ ಮೊದಲೂ ಆಗಿತ್ತು. ಸರ್ಕಾರದ ಹಣವೂ ಇತ್ತು. ಜನ ಮಾತ್ರ ನಾಲ್ಕು ದಿನ ಬಂದು ನಿಂತುಬಿಡುತ್ತಿದ್ದರು. ಕಾರಣ ಏನು ಗೊತ್ತಾ? ದಿನವಿಡೀ ಹೊಲದಲ್ಲಿ ದುಡಿದ ಮನುಷ್ಯನನ್ನು ಒಂದನೇ ಕ್ಲಾಸಿನ ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಊರಿನ ಹುಡುಗರು ಇಣುಕಿ ನೋಡಿ ಉದ್ದ ಕಾಲಿನ ಅಪ್ಪ ಅಂತ ನಗುತ್ತಿದ್ದರು. ಮಾನ ಇದ್ದವನು ಮತ್ತೆ ಯಾಕೆ ಬರುತ್ತಾನೆ?

ಸೆಪ್ಟಿಮಾ ಎಲ್ಲಿಂದ ಬಂದರು

ಸೆಪ್ಟಿಮಾ ಹುಟ್ಟಿದ್ದು 1898ರಲ್ಲಿ, ಚಾರ್ಲ್ಸ್‌ಟನ್‌ನಲ್ಲಿ. ಅಪ್ಪ ಹುಟ್ಟುವಾಗ ಗುಲಾಮ. ಅಮ್ಮ ಬಟ್ಟೆ ಒಗೆದು ಸಂಸಾರ ನಡೆಸಿದವರು, ತುಂಬಾ ಸ್ವಾಭಿಮಾನಿ. 18ನೇ ವಯಸ್ಸಿಗೆ ಸೆಪ್ಟಿಮಾ ಶಿಕ್ಷಕಿಯಾದರು. ಆಗ ಚಾರ್ಲ್ಸ್‌ಟನ್ ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಕೆಲಸವೇ ಕೊಡುತ್ತಿರಲಿಲ್ಲ. ಕಪ್ಪು ಮಕ್ಕಳ ಶಾಲೆಗಳಲ್ಲೂ ಬಿಳಿಯರೇ ಶಿಕ್ಷಕರು. ಹಾಗಾಗಿ 1916ರಲ್ಲಿ ಅವರು ದೋಣಿಯಲ್ಲಿ ಕೂತು ಹೋದದ್ದು ಇದೇ ಜಾನ್ಸ್ ಐಲ್ಯಾಂಡ್‌ಗೆ.

ಅಲ್ಲಿ ಇಬ್ಬರು ಶಿಕ್ಷಕಿಯರಿಗೆ 132 ಮಕ್ಕಳು. ತಿಂಗಳ ಸಂಬಳ ಸೆಪ್ಟಿಮಾಗೆ 35 ಡಾಲರ್, ಜೊತೆಗಾತಿಗೆ 25. ಹತ್ತಿರದ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು, ಅಲ್ಲಿನ ಶಿಕ್ಷಕಿಗೆ 85 ಡಾಲರ್. ಪುಸ್ತಕ ಇಲ್ಲ, ಬೋರ್ಡೂ ಇಲ್ಲ. ಮಕ್ಕಳು ಹೇಳಿದ ಕಥೆಗಳನ್ನು ಡ್ರೈ ಕ್ಲೀನರ್ ಅಂಗಡಿಯ ಕಾಗದದ ಚೀಲಗಳ ಮೇಲೆ ಬರೆದು, ಅದನ್ನೇ ಪಾಠ ಮಾಡಿದರು. ರಾತ್ರಿ ಹೊತ್ತು ದೊಡ್ಡವರೂ ಬರುತ್ತಿದ್ದರು. ಸಂಘದ ಸಭೆಯಲ್ಲಿ ಭಾಷಣ ಓದಬೇಕು, ಕಲಿಸಿ ಅಂತ. ಮುಂದೆ 40 ವರ್ಷ ಕಳೆದ ಮೇಲೆ ಇದೇ ದ್ವೀಪದಲ್ಲಿ ಏನು ಮಾಡಬೇಕು ಅಂತ ಅವರಿಗೆ ಗೊತ್ತಿದ್ದದ್ದು ಸುಮ್ನೆ ಅಲ್ಲ.

1919ರಲ್ಲಿ ನಗರದ ಶಾಲೆಗಳಿಗೆ ಕಪ್ಪು ಶಿಕ್ಷಕರನ್ನು ತೆಗೆದುಕೊಳ್ಳಿ ಎಂದು, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಸಹಿ ಸಂಗ್ರಹ ನಡೆಸಿತು. ಸೆಪ್ಟಿಮಾ ಮನೆ ಮನೆ ಸುತ್ತಿದರು. ಸಾವಿರಾರು ಸಹಿ ಸೇರಿತು. ಮರುವರ್ಷ ಕಾನೂನು ಬದಲಾಯಿತು. 1925ರಲ್ಲಿ ಗಂಡ ತೀರಿಕೊಂಡರು. ಶಿಕ್ಷಕಿಯ ಸಂಬಳದಲ್ಲಿ ಮಗನನ್ನು ಸಾಕುವುದು ಕಷ್ಟವಾಗಿ ಅವನನ್ನು ಗಂಡನ ಮನೆಯವರ ಹತ್ತಿರ ಬಿಡಬೇಕಾಯಿತು. 1940ರ ದಶಕದಲ್ಲಿ ಕಪ್ಪು ಶಿಕ್ಷಕರಿಗೂ ಬಿಳಿಯರಷ್ಟೇ ಸಂಬಳ ಸಿಗಬೇಕೆಂಬ ಮೊಕದ್ದಮೆಗೆ ಅವರು ದುಡಿದರು. ಆ ಹೋರಾಟದ ವಕೀಲರು ತರ್ಗುಡ್ ಮಾರ್ಷಲ್.

ಆಮೇಲೆ ಬಂತು 1956. ಸರ್ಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರಬಾರದು ಎಂದು ಸೌತ್ ಕ್ಯಾರೊಲೈನಾ ಕಾನೂನು ಮಾಡಿತು. ಬಹಳ ಮಂದಿ ಸದಸ್ಯತ್ವವನ್ನು ಮುಚ್ಚಿಟ್ಟರು. ಸೆಪ್ಟಿಮಾ ಅರ್ಜಿಯಲ್ಲಿ ತಾನು ಸದಸ್ಯೆ ಅಂತ ಬರೆದೇಬಿಟ್ಟರು. ಕೆಲಸ ಹೋಯಿತು. 40 ವರ್ಷದ ಸೇವೆಯ ಪಿಂಚಣಿಯೂ ಹೋಯಿತು. ಒಟ್ಟಾಗಿ ಎದುರಿಸೋಣ ಬನ್ನಿ ಅಂತ 700ಕ್ಕೂ ಹೆಚ್ಚು ಕಪ್ಪು ಶಿಕ್ಷಕರಿಗೆ ಪತ್ರ ಬರೆದರು. ಉತ್ತರ ಬಂದದ್ದು 26. ಅಧಿಕಾರಿಯನ್ನು ನೋಡಲು ಜೊತೆಗೆ ಹೊರಟವರು ಬೆರಳೆಣಿಕೆಯಷ್ಟು. ಅವರದೇ ಮಹಿಳಾ ಸಂಘದ ಗೆಳತಿಯರು ಸನ್ಮಾನ ಮಾಡಿದರು, ಆದರೆ ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಫೋಟೋ ಪತ್ರಿಕೆಯಲ್ಲಿ ಬಂದರೆ ಅವರ ಕೆಲಸಕ್ಕೂ ಕುತ್ತು.

ಆ ಗೆಳತಿಯರನ್ನು ಹೇಡಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಪ್ಪು ಹೆಣ್ಣುಮಕ್ಕಳಿಗೆ ಮರ್ಯಾದೆಯ ಕೆಲಸ ಅಂತ ಇದ್ದದ್ದೇ ಶಿಕ್ಷಕಿ ಹುದ್ದೆ. ಅದೂ ಬಿಳಿಯರ ಆಡಳಿತದ ಕೈಯಲ್ಲಿ. ಆ 26 ಉತ್ತರಗಳಿಂದ ಸೆಪ್ಟಿಮಾ ಕಲಿತ ಪಾಠವೂ ಇದೇ ಇರಬೇಕು. ಸರ್ಕಾರದ ಸಂಬಳ ತಿನ್ನುವವರನ್ನು ನಂಬಿ ಈ ಕೆಲಸ ಕಟ್ಟಲಾಗದು. ಮುಂದಿನ ಆಯ್ಕೆಗೆ ಬೇರು ಇಲ್ಲಿದೆ ಅಂತ ನನ್ನ ನಂಬಿಕೆ.

ಅವರಿಗೆ ನೆಲೆ ಕೊಟ್ಟದ್ದು ಟೆನ್ನೆಸಿ ರಾಜ್ಯದ ಮಾಂಟೀಗಲ್‌ನಲ್ಲಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್. ಮೈಲ್ಸ್ ಹಾರ್ಟನ್ ಎಂಬ ಬಿಳಿಯ ಅದನ್ನು 1932ರಲ್ಲಿ ಶುರು ಮಾಡಿದ್ದರು. ಕಪ್ಪು ಜನ, ಬಿಳಿಯರು ಒಂದೇ ಮೇಜಿನಲ್ಲಿ ಉಣ್ಣುವ, ಒಂದೇ ಕಡೆ ಮಲಗುವ ಜಾಗ ಆಗಿನ ದಕ್ಷಿಣದಲ್ಲಿ ಇನ್ನೊಂದು ಸಿಗುವುದು ಕಷ್ಟವಿತ್ತು. 1954ರಲ್ಲಿ ಸೆಪ್ಟಿಮಾ ಮೊದಲ ಸಲ ಅಲ್ಲಿಗೆ ಹೋದರು. ಆಮೇಲೆ ಜೆಂಕಿನ್ಸ್ ಅವರನ್ನೂ ಬರ್ನೀಸ್ ಅವರನ್ನೂ ಕರೆದೊಯ್ದರು. 1955ರ ಬೇಸಿಗೆಯಲ್ಲಿ ಅಲ್ಲಿನ ಶಿಬಿರಕ್ಕೆ ರೋಸಾ ಪಾರ್ಕ್ಸ್ ಬಂದಿದ್ದರು. ಅದನ್ನು ನಡೆಸಿದವರಲ್ಲಿ ಸೆಪ್ಟಿಮಾ ಇದ್ದರು. ಅದೇ ಡಿಸೆಂಬರ್‌ನಲ್ಲಿ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಪಾರ್ಕ್ಸ್ ಸೀಟು ಬಿಟ್ಟುಕೊಡದ ಆ ಘಟನೆ ನಡೆಯಿತು.

ಬ್ಯೂಟಿ ಪಾರ್ಲರ್ ನಡೆಸುವವರೇ ಯಾಕೆ?

ದ್ವೀಪದಲ್ಲಿ ಹಳೆಯ ಶಾಲಾ ಕಟ್ಟಡವೊಂದು ಮಾರಾಟಕ್ಕೆ ಬಂತು. ಜೆಂಕಿನ್ಸ್ ಮತ್ತು ಊರವರ ಪ್ರೋಗ್ರೆಸಿವ್ ಕ್ಲಬ್ ಅದನ್ನು 1,500 ಡಾಲರ್‌ಗೆ ಕೊಂಡಿತು. ಹಣ ಹೈಲ್ಯಾಂಡರ್ ಕೊಟ್ಟ ಬಡ್ಡಿಯಿಲ್ಲದ ಸಾಲ. ಮುಂಭಾಗದಲ್ಲಿ ಸಹಕಾರಿ ಅಂಗಡಿ ಇಟ್ಟರು. ಅದರಿಂದ ಎರಡು ಲಾಭ. ಅಂಗಡಿಯ ದುಡ್ಡಿನಲ್ಲಿ ಸಾಲ ತೀರುತ್ತದೆ. ಜೊತೆಗೆ, ಸಂಜೆ ಜನ ಬಂದು ಹೋಗುವುದನ್ನು ಕಂಡ ಬಿಳಿಯರಿಗೆ ಅನುಮಾನ ಬರುವುದಿಲ್ಲ. ಹಿಂದಿನ ಕೋಣೆಗೆ ಕಿಟಕಿ ಇಲ್ಲದ್ದೂ ಅದಕ್ಕೇ.

ಪಾಠ ಮಾಡುವವರು ಯಾರು? ಸೆಪ್ಟಿಮಾ ತಾವೇ ನಿಲ್ಲಬಹುದಿತ್ತು. ದ್ವೀಪದಲ್ಲಿ ಅವರಷ್ಟು ಅನುಭವ ಇದ್ದವರು ಯಾರೂ ಇರಲಿಲ್ಲ. ಅವರು ನಿಲ್ಲಲಿಲ್ಲ. ಓದಿದ ಬೇರೆ ಶಿಕ್ಷಕರನ್ನೂ ಕೇಳಲಿಲ್ಲ. ತಮ್ಮ ಸಂಬಂಧಿ ಬರ್ನೀಸ್ ಅವರನ್ನು ಕೇಳಿದರು. ಬರ್ನೀಸ್ ಆಗುವುದಿಲ್ಲ ಅಂದರು. ತಾನು ಟೀಚರ್ ಅಲ್ಲ, ಕಾಲೇಜು ಓದಿಲ್ಲ, ಏನು ಕಲಿಸಲಿ? ಸೆಪ್ಟಿಮಾ ಮತ್ತು ಹಾರ್ಟನ್ ಇಬ್ಬರೂ ಪಟ್ಟು ಬಿಡಲಿಲ್ಲ.

ಈ ಆಯ್ಕೆಯ ಹಿಂದಿನ ಲೆಕ್ಕ ನೋಡಿ. ಬರ್ನೀಸ್ ನ್ಯೂಯಾರ್ಕ್‌ನಲ್ಲಿ ಇದ್ದು ಬಂದವರು. ಅಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮತ ಹಾಕಿದ್ದವರು. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಮರಳಿದಾಗ ಇಲ್ಲಿನ ಪರಿಸ್ಥಿತಿ ಅವರಿಗೆ ನುಂಗಲಾರದ ತುತ್ತಾಯಿತು. ಅವರ ಪಾರ್ಲರ್‌ಗೆ ಬರುವವರೆಲ್ಲ ಕಪ್ಪು ಹೆಂಗಸರು. ಅವರ ಅನ್ನ ಯಾವ ಬಿಳಿ ಯಜಮಾನನ ಕೈಯಲ್ಲೂ ಇರಲಿಲ್ಲ. ಶಾಲಾ ಮಂಡಳಿ ಅವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ದಕ್ಷಿಣದಲ್ಲಿ ಕಪ್ಪು ಹೆಂಗಸರ ಪಾರ್ಲರ್‌ಗಳು ಸಂಘಟನೆಗೆ ಸದಸ್ಯರನ್ನು ಸೇರಿಸುವ, ಸುದ್ದಿ ಹಂಚುವ ಜಾಗವಾಗಿದ್ದದ್ದು ಇದೇ ಕಾರಣಕ್ಕೆ. ಇನ್ನೊಂದು ಗುಣವೂ ಬೇಕಿತ್ತು. ಕೂದಲು ತಿದ್ದುತ್ತಾ ಗಂಟೆಗಟ್ಟಲೆ ಎದುರಿನವರ ಕಷ್ಟ ಸುಖ ಕೇಳಿಸಿಕೊಂಡವರಿಗೆ ಕೇಳಿಸಿಕೊಳ್ಳುವ ಅಭ್ಯಾಸ ಇರುತ್ತದೆ. ಟೀಚರುಗಳಿಗೆ ಹೇಳುವ ಅಭ್ಯಾಸ ಜಾಸ್ತಿ. ತಪ್ಪು ತಿದ್ದುವ ಆತುರ ಜಾಸ್ತಿ. ನಾಚಿಕೊಂಡು ಬಂದ 60 ವರ್ಷದವರ ಮುಂದೆ ಅದು ನಡೆಯುವುದಿಲ್ಲ ಅಂತ ಸೆಪ್ಟಿಮಾಗೆ ಗೊತ್ತಿತ್ತು. 40 ವರ್ಷ ಟೀಚರ್ ಆಗಿದ್ದವರು ತಮ್ಮ ವೃತ್ತಿಯವರನ್ನೇ ಬದಿಗಿಟ್ಟು ಹೀಗೆ ಯೋಚಿಸಿದರು ಅನ್ನುವುದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ದೊಡ್ಡ ವಿಷಯ.

ಹಿಂದಿನ ಕೋಣೆಯಲ್ಲಿ

ಬರ್ನೀಸ್ ಮೊದಲ ದಿನ ಪ್ರಾಥಮಿಕ ಶಾಲೆಯ ಮಕ್ಕಳ ಸಾಮಗ್ರಿ ತೆಗೆದುಕೊಂಡು ಹೋಗಿದ್ದರು. ಎದುರಿಗೆ ಕೂತ ಮುಖಗಳನ್ನು ನೋಡಿದ ಕೂಡಲೇ ಅದು ಬೇಡ ಅನ್ನಿಸಿತು. ಪಕ್ಕಕ್ಕಿಟ್ಟರು. ತಾನು ಟೀಚರ್ ಅಲ್ಲ, ಎಲ್ಲರೂ ಕೂಡಿ ಕಲಿಯೋಣ, ನಿಮ್ಮಿಂದ ನಾನೂ ಕಲಿಯುತ್ತೇನೆ ಅಂತ ಹೇಳಿ, ನಿಮಗೆ ಏನು ಕಲಿಯಬೇಕು ಅಂತ ಕೇಳಿದರು.

ಉತ್ತರಗಳು ಬಂದವು. ತನ್ನ ಹೆಸರು ಬರೆಯಬೇಕು. ಬೈಬಲ್ ಓದಬೇಕು. ದೂರದ ಮಕ್ಕಳಿಗೆ ಕಾಗದ ಬರೆಯಬೇಕು, ಅವರು ಬರೆದದ್ದನ್ನು ಬೇರೆಯವರ ಕೈಲಿ ಓದಿಸಬಾರದು. ಮನಿ ಆರ್ಡರ್ ಫಾರಂ ತುಂಬಬೇಕು. ಕ್ಯಾಟಲಾಗ್ ನೋಡಿ ಸಾಮಾನು ತರಿಸಬೇಕು. ಮತದಾರರ ಪಟ್ಟಿಗೆ ಸೇರಬೇಕು. ಅದೇ ಪಾಠಪಟ್ಟಿಯಾಯಿತು. ಗೋಡೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿ, ಶಾಲೆ ಮುಗಿಯುವಷ್ಟರಲ್ಲಿ ಎಲ್ಲರೂ ಇದನ್ನು ಓದಬೇಕು ಅಂದರು. ಒಂದು ಕಡೆ ಮನಿ ಆರ್ಡರ್ ಫಾರಂ, ಇನ್ನೊಂದು ಕಡೆ ಮಾನವ ಹಕ್ಕು. ಎರಡೂ ಒಂದೇ ಕೋಣೆಯಲ್ಲಿ.

ಹೆಸರು ಬರೆಯುವುದೇ ಮೊದಲ ಕಷ್ಟ. ನೇಗಿಲು, ಗುದ್ದಲಿ ಹಿಡಿದ ಕೈಗೆ ಪೆನ್ಸಿಲ್ ಎಷ್ಟು ಬಿಗಿ ಹಿಡಿಯಬೇಕು ಅಂತ ತಿಳಿಯುತ್ತಿರಲಿಲ್ಲ. ಪೆನ್ಸಿಲ್‌ಗಳು ಪಟ ಪಟ ಮುರಿಯುತ್ತಿದ್ದವು. ಅದಕ್ಕೆ ದಪ್ಪ ರಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಟ್ಟು, ಅದರ ಮೇಲೆ ಮತ್ತೆ ಮತ್ತೆ ತಿದ್ದಿಸಿದರು. ಕಣ್ಣಿಗಿಂತ ಮುಂಚೆ ಕೈ ಕಲಿಯಿತು. ಮುರಿದ ಪೆನ್ಸಿಲ್‌ಗೆ ಯಾರೂ ಬೈಯಲಿಲ್ಲ, ಇನ್ನೊಂದು ಕೊಟ್ಟರು. ಲೆಕ್ಕಕ್ಕೆ ಪುಸ್ತಕ ಬೇಕಾಗಲಿಲ್ಲ. ಪತ್ರಿಕೆಯಲ್ಲಿ ಬರುವ ದಿನಸಿ ಅಂಗಡಿಯ ಜಾಹೀರಾತು ಸಾಕಾಯಿತು. ಇಷ್ಟು ಪೌಂಡ್ ಕೋಳಿಗೆ ಎಷ್ಟಾಯಿತು, ಇಷ್ಟು ಪೆಟ್ರೋಲ್‌ಗೆ ಎಷ್ಟಾಯಿತು ಅಂತ. ತಾಯಂದಿರ ಜೊತೆ ಬಂದ ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟರು.

65 ವರ್ಷದ ಒಬ್ಬ ಹೆಣ್ಣುಮಗಳಿದ್ದರು. ಒಂದು ರಾತ್ರಿ ಬರ್ನೀಸ್ ಎಲ್ಲರ ಹೆಸರನ್ನೂ ಬೋರ್ಡಿನ ಮೇಲೆ ಬರೆದು, ನಿಮ್ಮ ಹೆಸರು ಕಾಣುತ್ತಿದೆಯಾ ಅಂತ ಕೇಳಿದರು. ಆಕೆ ಎದ್ದು ಬಂದರು. ಅಳತೆಯ ಕೋಲನ್ನು ತೆಗೆದುಕೊಂಡರು. ತನ್ನ ಹೆಸರಿನ ಮೇಲೆ ಇಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ಬೋರ್ಡಿನ ಬೇರೆ ಜಾಗದಲ್ಲಿದ್ದ ಅಡ್ಡಹೆಸರನ್ನೂ ಹುಡುಕಿ ತೋರಿಸಿದರು. ಮೈ ಜುಮ್ಮೆಂದಿತು ಅಂತ ಬರ್ನೀಸ್ ಎಷ್ಟೋ ವರ್ಷದ ಮೇಲೂ ಹೇಳುತ್ತಿದ್ದರು.

ಬೇಸಾಯದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ, ವಾರಕ್ಕೆ ಎರಡು ರಾತ್ರಿ ಪಾಠ. ಆ ಋತು ಮುಗಿಯುವಷ್ಟರಲ್ಲಿ 14 ಮಂದಿ 37 ಆಗಿದ್ದರು. ಮೊದಲ ತಂಡದ ಹೆಚ್ಚಿನವರು ಸಂವಿಧಾನದ ಭಾಗವನ್ನು ಓದಿ, ಸಹಿ ಮಾಡಿ ಮತದಾರರಾದರು. ಪಕ್ಕದ ವಾಡ್‌ಮಲಾ, ಎಡಿಸ್ಟೊ ದ್ವೀಪಗಳಿಂದ, ನಾರ್ತ್ ಚಾರ್ಲ್ಸ್‌ಟನ್‌ನಿಂದ ನಮಗೂ ಬೇಕು ಅಂತ ಕರೆ ಬಂತು. ವಾಡ್‌ಮಲಾದಲ್ಲಿ ಪಾಠ ಮಾಡಿದವರು ಜೆಂಕಿನ್ಸ್ ಅವರ ಮಗಳು ಎಥೆಲ್ ಗ್ರಿಂಬಾಲ್. ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ಶಾಲೆ ಪಾರ್ಲರ್‌ನಲ್ಲೇ ನಡೆಯಿತು. ಬರ್ನೀಸ್ ಎಲ್ಲಾ ಕಡೆ ಓಡಾಡಿ ನೋಡಿಕೊಂಡರು.

ದಾಳಿ, ಮತ್ತು ಹೊಸ ಮನೆ

1959ರ ಜುಲೈ 31ರ ರಾತ್ರಿ ಟೆನ್ನೆಸಿ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿದರು. ಹಾರ್ಟನ್ ಯುರೋಪಿನಲ್ಲಿದ್ದರು, ಜವಾಬ್ದಾರಿ ಸೆಪ್ಟಿಮಾ ಅವರದು. 61 ವರ್ಷದ, ಹೆಂಡ ಮುಟ್ಟದ ಹೆಂಗಸನ್ನು ಮದ್ಯ ಇಟ್ಟುಕೊಂಡ ಆರೋಪದ ಮೇಲೆ ಬಂಧಿಸಿದರು. ಕೇಸು ನಿಲ್ಲಲಿಲ್ಲ. ಆದರೆ ರಾಜ್ಯ ಹೈಲ್ಯಾಂಡರ್‌ನ ಪರವಾನಗಿ ಕಿತ್ತುಕೊಂಡಿತು, 1961ರಲ್ಲಿ ಆಸ್ತಿಯನ್ನೂ ಮುಟ್ಟುಗೋಲು ಹಾಕಿಕೊಂಡಿತು.

ಶಾಲೆಗಳು ಅಲ್ಲಿಗೇ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ, ಯಾಕೆಂದರೆ ಅವು ಹೈಲ್ಯಾಂಡರ್ ಕಟ್ಟಡದಲ್ಲಿ ಇರಲೇ ಇಲ್ಲ. ಪಾರ್ಲರ್‌ಗಳಲ್ಲಿ, ಚರ್ಚುಗಳಲ್ಲಿ, ಅಡುಗೆಮನೆಗಳಲ್ಲಿ ಇದ್ದವು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಎಸ್‌ಸಿಎಲ್‌ಸಿ ಈ ಕಾರ್ಯಕ್ರಮವನ್ನು ವಹಿಸಿಕೊಂಡಿತು. ಜಾರ್ಜಿಯಾದ ಡಾರ್ಚೆಸ್ಟರ್ ಸೆಂಟರ್‌ನಲ್ಲಿ ತರಬೇತಿ. ಸೆಪ್ಟಿಮಾ, ಡೊರೊಥಿ ಕಾಟನ್, ಆಂಡ್ರ್ಯೂ ಯಂಗ್ ಮೂವರೂ ಸೇರಿ ನಡೆಸಿದರು. ಊರೂರಿಂದ ಬಸ್ಸಿನಲ್ಲಿ ಜನ ಬರುತ್ತಿದ್ದರು. ಐದು ದಿನ ಅಲ್ಲೇ ಇದ್ದು ಕಲಿತು, ವಾಪಸ್ ಹೋಗಿ ಶಾಲೆ ಶುರು ಮಾಡುತ್ತಿದ್ದರು. ಶಿಕ್ಷಕರಾಗಲು ಸೆಪ್ಟಿಮಾ ಕೇಳಿದ ಅರ್ಹತೆ ಎರಡೇ: ಗಟ್ಟಿಯಾಗಿ, ಸರಿಯಾಗಿ ಓದಬೇಕು, ಬೋರ್ಡಿನ ಮೇಲೆ ಕಾಣುವ ಹಾಗೆ ಬರೆಯಬೇಕು. ತಿಂಗಳಿಗೆ 30 ಡಾಲರ್ ಗೌರವಧನ. ಬಂದವರಲ್ಲಿ ಹೆಂಗಸರೇ ಹೆಚ್ಚು. ಹೊಲಿಗೆಯವರು, ಮನೆಗೆಲಸದವರು, ಕೂಲಿ ಮಾಡುವವರು. ನಂಬಿ ಕೆಲಸ ಒಪ್ಪಿಸಿದರೆ ಇವರು ಮಾಡುತ್ತಾರೆ ಅಂತ ಬರ್ನೀಸ್ ಅವರೇ ತೋರಿಸಿಕೊಟ್ಟಿದ್ದರಲ್ವಾ?

ಮತ ಒಂದೇ ಅಲ್ಲಿನ ಪಾಠವಾಗಿರಲಿಲ್ಲ. ಸೋಷಿಯಲ್ ಸೆಕ್ಯೂರಿಟಿ ಪಿಂಚಣಿಗೆ ಅರ್ಜಿ ಹೇಗೆ, ಶಾಲಾ ಮಂಡಳಿಯಲ್ಲಿ ಯಾರಿರುತ್ತಾರೆ, ರಸ್ತೆ ಕೆಟ್ಟರೆ ಯಾರನ್ನು ಕೇಳಬೇಕು. ತನಗೆ ಬರಬೇಕಾದದ್ದನ್ನು ಕೇಳಲು ಕಲಿಯುವುದು.

ಮಿಸಿಸಿಪ್ಪಿಯಲ್ಲಿ ಬೇರೆಯವರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಫ್ಯಾನಿ ಲೂ ಹೇಮರ್ ಈ ಜಾಲದೊಳಗೆ ಬಂದವರಲ್ಲಿ ಒಬ್ಬರು. 1962ರ ಆಗಸ್ಟ್ 31ರಂದು, 44ನೇ ವಯಸ್ಸಿನಲ್ಲಿ, ಮತದಾರರ ಪಟ್ಟಿಗೆ ಸೇರಲು ಇಂಡಿಯಾನೋಲಾಗೆ ಹೋದದ್ದಕ್ಕೆ ಅವರನ್ನು 18 ವರ್ಷ ದುಡಿದ ಹೊಲದಿಂದ ಅಂದೇ ಹೊರಗೆ ಹಾಕಿದರು. 1963ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ತರಬೇತಿ ಮುಗಿಸಿ ಬಸ್ಸಿನಲ್ಲಿ ಮರಳುವಾಗ ವಿನೋನಾ ಊರಿನಲ್ಲಿ ಪೊಲೀಸರು ಹಿಡಿದರು. ಎಸ್‌ಸಿಎಲ್‌ಸಿಯ ಶಿಕ್ಷಕಿ ಆನೆಲ್ ಪಾಂಡರ್ ಕೂಡ ಜೊತೆಗಿದ್ದರು. ಜೈಲಿನಲ್ಲಿ ಇಬ್ಬರನ್ನೂ ಹೊಡೆದರು. ಆ ಏಟಿನ ನೋವು ಹೇಮರ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮರುವರ್ಷ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿ ಮುಂದೆ ಕೂತು, ಟಿವಿ ಕ್ಯಾಮರಾಗಳ ಎದುರು, ಅವರು ಅದನ್ನೆಲ್ಲ ಹೇಳಿದರು. ಇಡೀ ದೇಶ ಕೇಳಿತು. ಹೇಮರ್ ಅವರ ಧೈರ್ಯ ಅವರದ್ದೇ, ಅದನ್ನು ಯಾವ ಶಾಲೆಯ ಲೆಕ್ಕಕ್ಕೂ ಬರೆಯಲಾಗದು. ಆದರೆ ಅಂಥವರು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಒಂದು ಜಾಗ ಬೇಕಿತ್ತು. ಆ ಜಾಗ ಇತ್ತು.

1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಬಂತು. ದಕ್ಷಿಣದ ರಾಜ್ಯಗಳಲ್ಲಿ ಓದು ಪರೀಕ್ಷೆ ನಿಂತಿತು. ಅಷ್ಟರಲ್ಲಾಗಲೇ ಸಾವಿರಾರು ಜನ ಊರೂರಲ್ಲಿ ಬೇರೆಯವರನ್ನು ನೋಂದಣಿ ಕಚೇರಿಗೆ ಕರೆದೊಯ್ಯುವಷ್ಟು ತಯಾರಾಗಿದ್ದರು.

ಒಳಗಿನ ಗೋಡೆ

ಈ ಪ್ರಕರಣದ ಕಹಿ ಭಾಗವನ್ನು ಬಿಟ್ಟು ಬರೆದರೆ ಸೆಪ್ಟಿಮಾ ಅವರಿಗೆ ಅನ್ಯಾಯವಾಗುತ್ತದೆ, ಯಾಕೆಂದರೆ ಅವರೇ ಅದನ್ನು ಮುಚ್ಚಿಡಲಿಲ್ಲ. ಎಸ್‌ಸಿಎಲ್‌ಸಿ ಪಾದ್ರಿಗಳ ಸಂಘಟನೆ, ಅಂದರೆ ಗಂಡಸರ ಸಂಘಟನೆ. ಕಾರ್ಯಕಾರಿ ಮಂಡಳಿಯಲ್ಲಿ ಸೆಪ್ಟಿಮಾ ಕೂತಿದ್ದರು. ಈ ಹೆಂಗಸು ಮಂಡಳಿಯಲ್ಲಿ ಯಾಕಿದ್ದಾರೆ ಅಂತ ಕಿಂಗ್ ಅವರ ಆಪ್ತ ಜೊತೆಗಾರ ರಾಲ್ಫ್ ಅಬರ್ನಥಿ ಮತ್ತೆ ಮತ್ತೆ ಕೇಳುತ್ತಿದ್ದರು ಎಂದು ಅವರು ನೆನೆಸಿಕೊಂಡಿದ್ದಾರೆ. ಜನರನ್ನು ಮತದಾರರನ್ನಾಗಿ ಮಾಡುವ ಶಾಲೆಗಳ ಯೋಜನೆ ತಂದವರೇ ಇವರು ಅಂತ ಕಿಂಗ್ ಉತ್ತರ ಕೊಡುತ್ತಿದ್ದರಂತೆ.

ಒಮ್ಮೆ ಸೆಪ್ಟಿಮಾ ಕಿಂಗ್ ಅವರಿಗೆ ಪತ್ರ ಬರೆದರು. ಎಲ್ಲಾ ಮೆರವಣಿಗೆಗೂ ನೀವೇ ಮುಂದೆ ಹೋಗಬೇಡಿ, ಊರೂರಲ್ಲಿ ಬೇರೆ ನಾಯಕರು ಬೆಳೆಯಲಿ, ಅವರೇ ನಡೆಸಲಿ ಅನ್ನುವುದು ಅದರ ಸಾರ. ಆ ಪತ್ರವನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರು.

ಆ ನಗು ನನ್ನನ್ನು ಕಾಡುತ್ತದೆ. ಸೆಪ್ಟಿಮಾ ಕೇಳಿದ್ದು ತಮಗಾಗಿ ಅಲ್ಲ. ಜಾನ್ಸ್ ಐಲ್ಯಾಂಡ್‌ನಲ್ಲಿ ತಾವು ಮಾಡಿ ನೋಡಿದ್ದನ್ನೇ ಹೇಳಿದ್ದರು. ತಾವು ಹಿಂದೆ ಸರಿದು ಬರ್ನೀಸ್ ಅವರನ್ನು ಮುಂದೆ ಬಿಟ್ಟಿದ್ದರು, ಅದರಿಂದ ಬೆಳೆದದ್ದು ಎಲ್ಲರ ಕಣ್ಣೆದುರೇ ಇತ್ತು. ಅದನ್ನೇ ಗಂಡಸರಿಗೆ ಸಲಹೆಯಾಗಿ ಕೊಟ್ಟಾಗ ತಮಾಷೆಯಾಗಿ ಕಂಡಿತು. ಕಿಂಗ್ ಮೇಲೆ ಅವರಿಗೆ ಕೊನೆಯವರೆಗೂ ಗೌರವ ಇತ್ತು. 1964ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಳ್ಳಲು ಕಿಂಗ್ ಓಸ್ಲೋಗೆ ಹೋದಾಗ ಸೆಪ್ಟಿಮಾ ಜೊತೆಗೆ ಹೋಗಿದ್ದರು. ಆದರೂ ನಾಗರಿಕ ಹಕ್ಕು ಚಳವಳಿಯ ಒಂದು ದೌರ್ಬಲ್ಯ ಹೆಂಗಸರನ್ನು ಗಂಡಸರು ನೋಡಿದ ರೀತಿಯಲ್ಲಿತ್ತು ಅಂತ ಅವರು ಮುಂದೆ ಖಡಾಖಂಡಿತವಾಗಿ ಹೇಳಿದರು.

ಹೀಗಾಗಲು ಇನ್ನೊಂದು ಕಾರಣವೂ ಇತ್ತು ಅನ್ನಿಸುತ್ತದೆ. ಮೆರವಣಿಗೆಗೆ ಫೋಟೋ ಸಿಗುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬರು ರಟ್ಟಿನ ಮೇಲೆ ಹೆಸರು ತಿದ್ದುವುದಕ್ಕೆ ಸಿಗುವುದಿಲ್ಲ. ಆ ಕೆಲಸವನ್ನು ಬೇಕೆಂದೇ ಮರೆಯಲ್ಲಿ ಮಾಡಬೇಕಿತ್ತು ಕೂಡ. ಆಗ ಜೀವ ಉಳಿಸಿದ ಮರೆಯೇ ಆಮೇಲೆ ಚರಿತ್ರೆಯಲ್ಲಿ ಅವರನ್ನು ಮುಚ್ಚಿತು.

ನಂತರ

ಸೆಪ್ಟಿಮಾ 1970ರಲ್ಲಿ ಎಸ್‌ಸಿಎಲ್‌ಸಿಯಿಂದ ನಿವೃತ್ತರಾದರು. ಬರ್ನೀಸ್ 1972ರಲ್ಲಿ ಸೌತ್ ಕ್ಯಾರೊಲೈನಾ ವಿಧಾನಸಭೆಗೆ ಸ್ಪರ್ಧಿಸಿ ಸೋತರು. 15 ವರ್ಷದ ಹಿಂದೆ ತಾನು ಟೀಚರ್ ಅಲ್ಲ ಅಂತ ಹಿಂಜರಿದವರು ಶಾಸಕಿಯಾಗಲು ನಿಂತರು ಅನ್ನುವುದನ್ನು ಗಮನಿಸಬೇಕು.

1975ರಲ್ಲಿ ಚಾರ್ಲ್ಸ್‌ಟನ್‌ನ ಶಾಲಾ ಮಂಡಳಿಗೆ ಚುನಾವಣೆ ನಡೆಯಿತು. ಸೆಪ್ಟಿಮಾ ನಿಂತರು, ಗೆದ್ದರು. 19 ವರ್ಷದ ಹಿಂದೆ ಎನ್‌ಎಎಸಿಪಿ ಸದಸ್ಯೆ ಅನ್ನುವ ಕಾರಣಕ್ಕೆ ಅವರನ್ನು ಹೊರಗೆ ಹಾಕಿದ್ದ ಶಾಲಾ ಆಡಳಿತ ಇದೇ ಊರಿನದು. 1976ರಲ್ಲಿ ರಾಜ್ಯದ ಗವರ್ನರ್, ಆ ವಜಾ ನ್ಯಾಯವಲ್ಲ ಎಂದು ಒಪ್ಪಿಕೊಂಡು ಅವರ ಪಿಂಚಣಿಯನ್ನು ಮರಳಿ ಕೊಡಿಸಿದರು. ಬಾಕಿ ಸಂಬಳಕ್ಕೆ ಅವರು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. 1987ರ ಡಿಸೆಂಬರ್ 15ರಂದು, 89ನೇ ವಯಸ್ಸಿನಲ್ಲಿ, ಅವರು ಜಾನ್ಸ್ ಐಲ್ಯಾಂಡ್‌ನಲ್ಲೇ ತೀರಿಕೊಂಡರು.